ಚಿನ್ನ ಹಚ್ಚಿಸಿಕೊಂಡ ಮಸೂರ

ಪ್ರಯೋಗಾಲಯದ ಕಿಟಕಿಯಲ್ಲಿ ಒಂದು ಹಳೆಯ ದಪ್ಪ ಮಸೂರವಿತ್ತು. ಅದರ ಪಕ್ಕಕ್ಕೆ ಒಂದು ಹೊಸ ಚಪ್ಪಟೆ ಮಸೂರ ಬಂತು. ಕೂದಲಿಗಿಂತ ನೂರಾರು ಪಾಲು ಸಣ್ಣ ಕಂಬಗಳನ್ನು ಗಾಜಿನ ಮೇಲೆ ನಿಲ್ಲಿಸಿ ಮಾಡಿದ್ದು. ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿ ಮಂದಾಕಿನಿಯ ಪಿಎಚ್‌ಡಿಯಲ್ಲಿ ವರ್ಷಗಟ್ಟಲೆ ಹೆಣಗಿದ ಮೇಲೆ ಕೈಗೂಡಿದ್ದು ಅದೊಂದೇ.

“ಅಜ್ಜಾ, ನಾಳೆ ನನ್ನ ಫೋಟೊ ತೆಗೆಯುತ್ತಾರೆ,” ಎಂದಿತು ಚಪ್ಪಟೆ ಮಸೂರ. “ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಬಗಳು ಚೆನ್ನಾಗಿ ಕಾಣಲೆಂದು ಮೈಗೆಲ್ಲ ಚಿನ್ನದ ಲೇಪ ಹಾಕುತ್ತಾರಂತೆ.”

“ನಿನ್ನೊಳಗೆ ಬೆಳಕು ಹಾಯಿಸಿ ನೋಡಿದರೇ?”

“ಇನ್ನೂ ಇಲ್ಲ. ಮೊದಲು ಫೋಟೊ, ಆಮೇಲೆ ಪರೀಕ್ಷೆ ಅಂದರು ಮಂದಾಕಿನಿಯ ಗೈಡು.”

“ಬೇಡ ಮಗೂ. ಆ ಲೇಪ ಬೆಳಕನ್ನು ಒಳಗೆ ಬಿಡುವುದಿಲ್ಲ, ಒಮ್ಮೆ ಹಚ್ಚಿದರೆ ಮತ್ತೆ ಹೋಗುವುದೂ ಇಲ್ಲ.”

“ನಿನ್ನ ಫೋಟೊ ಯಾರೂ ಕೇಳಲಿಲ್ಲವಲ್ಲ, ಅದಕ್ಕೇ ಹೊಟ್ಟೆಕಿಚ್ಚು.”

ಫೋಟೊ ಬಹಳ ಚೆಂದ ಬಂತು. ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಗೈಡು ಮಂದಾಕಿನಿಯ ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ಅವಳು ಲೇಸರ್ ಬಿಟ್ಟು ನೋಡಿದಳು. ಬೆಳಕು ಆಚೆ ಬರಲಿಲ್ಲ. ಚಪ್ಪಟೆ ಮಸೂರವನ್ನು ಮತ್ತೆ ಕಿಟಕಿಯಲ್ಲಿಟ್ಟು, ಮುಖ ಮುಚ್ಚಿಕೊಂಡು ಕುಳಿತಳು.

“ಅಜ್ಜಾ, ಬೆಳಗಾಯಿತೇ?” ಎಂದು ಕೇಳಿತು ಅದು.

ಹತ್ತು ಗಂಟೆಯ ಬಿಸಿಲು ಎರಡೂ ಮಸೂರಗಳ ಮೇಲೆ ಸುರಿಯುತ್ತಿತ್ತು.

“ಇನ್ನೂ ಇಲ್ಲ ಮಗೂ,” ಎಂದಿತು ದಪ್ಪ ಮಸೂರ.