ದನಿಯಿಲ್ಲದ ಪೆಟ್ಟಿಗೆ

"ನಾದಗಿರಿಯ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ. ರಾಣಿಯವರು ಕಟ್ಟಿಟ್ಟುಹೋದ ಮಿಂಚಿನ ವಾದ್ಯ ಮೂರು ವರ್ಷದಿಂದ ಮೂಕವಾಗಿದೆ. ರಾಜಕುಮಾರಿ ನಾಗಲಾದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ವಾದ್ಯ, ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ಒಂದು ತಪ್ಪಿದರೂ ಸೆರೆಮನೆ, ಬರುವ ಅಮಾವಾಸ್ಯೆಗೆ ತಲೆದಂಡ. ಅಷ್ಟರೊಳಗೆ ಯಾರಾದರೊಬ್ಬರು ಬಿಡಿಸಿದರೆ ಸೆರೆಯಲ್ಲಿದ್ದವರಿಗೆಲ್ಲ ಬಿಡುಗಡೆ."

ಹೀಗಂತ ಊರೂರಿಗೆ ಡಂಗುರ ಹೊಡೆದರು.

ಆ ವಾದ್ಯ ಅಂದರೆ ಸಾಮಾನ್ಯದ್ದಲ್ಲ. ಗೋಡೆಯುದ್ದಕ್ಕೂ ಬೀಟೆ ಮರದ ಪೆಟ್ಟಿಗೆಗಳು, ಒಂದರಿಂದ ಒಂದಕ್ಕೆ ಬಣ್ಣಬಣ್ಣದ ತಂತಿ. ಅರಮನೆಯ ನೆತ್ತಿಯ ಮೇಲಿನ ತಾಮ್ರದ ಕಂಬ ಮಿಂಚನ್ನು ಹಿಡಿದು ಕೊಟ್ಟರೆ ಪೆಟ್ಟಿಗೆಗಳು ಅದನ್ನು ಕುಡಿದಿಟ್ಟುಕೊಂಡು ಬೇಕೆಂದಾಗ ಹಾಡುತ್ತಿದ್ದವು. ಒಂದರದು ಆನೆಯ ದನಿ, ಒಂದರದು ಜೇನುಹುಳದ ದನಿ, ಇನ್ನೊಂದು ಬರೀ ಜಡಿಮಳೆಯ ಹಾಗೆ ಸುರಿಯುತ್ತಿತ್ತು. ರಾಣಿ ತೀರಿಕೊಂಡ ಮೇಲೆ ಬಂದವರೆಲ್ಲ ತಂತಿ ಎಳೆದಾಡಿ ಎರಡು ಪೆಟ್ಟಿಗೆ ಸುಟ್ಟುಹಾಕಿದ್ದರು. ಅದಕ್ಕೇ ಅಂಥ ಕಠಿಣ ಪಣ.

ಹೊಳೆದಂಡೆಯ ಊರಿನಲ್ಲಿ ಮಾಚ ಅಂತ ಒಬ್ಬ ಮೇದರ ಹುಡುಗ. ಬಿದಿರು ಸೀಳಿ ಮೊರ, ಜರಡಿ ಹೆಣೆಯುವುದು ಅವನ ಕಸುಬು. ಅವನ ಅಕ್ಕ ಹೊನ್ನವ್ವನ ಗಂಡ ತಿರುಮಲ ವೀಣೆಯವನು. ಒಗಟಿಗೆ ಹೋದವನು ಸೆರೆ ಸೇರಿದ್ದ. ಅಮಾವಾಸ್ಯೆ ನಾಳೆ. ಹೊನ್ನವ್ವನಿಗೆ ಏಳು ತಿಂಗಳು.

"ಅಕ್ಕಾ, ನಾನು ಹೋಗಿ ಬರ್ತೀನಿ."

"ಒಬ್ಬರು ಹೋಗಿದ್ದು ಸಾಲದೇನೋ? ಮೊರ ಹೆಣೆಯೋನಿಗೆ ಅರಮನೆ ಒಗಟು ಯಾಕೆ?"

"ಹೋಗದಿದ್ರೆ ಭಾವನ ತಲೆ ಖಂಡಿತ ಹೋಗುತ್ತೆ. ಹೋದ್ರೆ ಇಬ್ಬರ ತಲೆಯೂ ಉಳಿದರೂ ಉಳಿಯಬಹುದು."

ಅವಳು ಬುತ್ತಿ ಕಟ್ಟಿಕೊಟ್ಟಳು.

ಮಾಚ ಅರಮನೆಯ ಸಭೆಗೆ ಹೋಗುವಷ್ಟರಲ್ಲಿ ಇಬ್ಬರು ಮುಂದೆ ನಿಂತಿದ್ದರು. ಒಬ್ಬ ಸೆಟ್ಟರ ಮಗ, ಇನ್ನೊಬ್ಬ ಶಾಲು ಹೊದ್ದ ಪಂಡಿತ. ಪಂಡಿತ ತಿರುಗಿ ನೋಡಿ, "ಏನಪ್ಪ, ಒಂದೊಂದು ಒಗಟಿಗೆ ಒಂದೊಂದರಂತೆ ಮೂರು ಮೊರ ತಂದಿದ್ದೀಯೋ?" ಅಂದ.

"ಬರಿಗೈಲಿ ಬಂದಿದ್ದೀನಿ ಸ್ವಾಮಿ. ಹೋಗುವಾಗ ಭಾವನ ಕೈ ಹಿಡಕೊಂಡು ಹೋಗಬೇಕು."

ನಾಗಲಾದೇವಿ ವಾದ್ಯದ ಪಕ್ಕದಲ್ಲಿ ಕೂತಿದ್ದಳು. ಮೆಲ್ಲಗೆ ಹೇಳಿದಳು: "ಮೊದಲನೆಯದು. ಅದು ಏನನ್ನೂ ಕೊಡುವುದಿಲ್ಲ, ಬರೀ ಕಿತ್ತುಕೊಳ್ಳುತ್ತದೆ. ಅದು ಕಿತ್ತುಕೊಂಡ ಮೇಲೆಯೇ ಗದ್ದಲಕ್ಕೆ ಮಾತು ಬರುತ್ತದೆ. ಎರಡನೆಯದು. ಅದಕ್ಕೆ ತನ್ನದೆನ್ನುವ ದನಿಯಿಲ್ಲ. ಆದರೂ ತನ್ನಿಂದ ಹೊರಟಿದ್ದನ್ನು ತಾನೇ ಮತ್ತೆ ಮತ್ತೆ ನುಂಗಿದರೆ ಯಾರೂ ನುಡಿಸದೆ ಹಾಡುತ್ತದೆ. ಮೂರನೆಯದು. ಅದಕ್ಕೆ ಚರ್ಮವಿಲ್ಲ, ಕೋಲಿಲ್ಲ. ಹಾಡಿನ ಅಂಚಿನಲ್ಲಿ ನಿಲ್ಲಿಸಿ ಒಂದು ಸಲ ಮುಟ್ಟಿದರೆ ಮದ್ದಳೆಯಾಗುತ್ತದೆ. ಏನವು?"

ಸೆಟ್ಟರ ಮಗ, "ಕಳ್ಳ, ಬೆಟ್ಟದ ಮಾರ್ದನಿ, ಗುಡುಗು" ಅಂದ. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು. ಭಟರು ಕರೆದೊಯ್ದರು.

ಪಂಡಿತ ಗಂಟಲು ಸರಿಮಾಡಿಕೊಂಡು, "ಯಮಧರ್ಮ, ಓಂಕಾರ, ಮನುಷ್ಯನ ಎದೆಗುಂಡಿಗೆ" ಅಂದ. ಸಭೆಯೆಲ್ಲ ಭೇಷ್ ಅಂತು. ರಾಜಕುಮಾರಿ ಅದಕ್ಕೂ ತಲೆಯಾಡಿಸಿದಳು. ಪಂಡಿತನ ಶಾಲು ಅಲ್ಲೇ ಜಾರಿ ಬಿತ್ತು.

ಮಾಚ ಸುಮ್ಮನೆ ನಿಂತು ಆ ಪೆಟ್ಟಿಗೆಗಳನ್ನೇ ನೋಡಿದ. ತಂತಿಗಳು ಎಲ್ಲೆಲ್ಲಿಂದಲೋ ಬಂದು ನಟ್ಟನಡುವಿನ ಪುಟ್ಟ ಪೆಟ್ಟಿಗೆಯೊಂದರೊಳಗೆ ಹೋಗಿದ್ದವು. ಅದಕ್ಕಿದ್ದದ್ದು ಎರಡೇ ತಿರುಪು.

"ತಾಯೀ, ಮೂರು ಒಗಟಿಗೆ ಮೂರು ಉತ್ತರ ಇರಲೇಬೇಕಾ?"

ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ. "ಹಾಗಂತ ನಾನು ಹೇಳಿಲ್ಲ."

"ಹಾಗಾದ್ರೆ ಮೂರೂ ಅದೇ, ಆ ನಡುವಿನ ಪೆಟ್ಟಿಗೆ. ಅದು ದನಿಯ ಜರಡಿ."

ರಾಜ ಮಲ್ಲರಸ ಮುಂದಕ್ಕೆ ಬಾಗಿದ. "ಹೇಗೆ ಹೇಳ್ತೀಯ? ನೀನು ಇದನ್ನು ಮುಟ್ಟಿಯೂ ಇಲ್ಲ."

"ಜರಡಿ ಹಿಟ್ಟು ಕೊಡೋದಿಲ್ಲ ದೊರೆ, ತೌಡು ಹಿಡಕೊಳ್ತದೆ ಅಷ್ಟೇ. ನಮ್ಮ ಬಾಯಿಯೂ ಹಂಗೇ. ಗಂಟಲಿನ ಗದ್ದಲದಲ್ಲಿ ಬೇಡದ್ದನ್ನ ತಡೆದಾಗಲೇ 'ಆ' ಆಗೋದು, 'ಊ' ಆಗೋದು. ಇನ್ನು ದುಂಬಿ ಕೊರೆದ ಬಿದಿರಿಗೆ ಸ್ವಂತ ದನಿ ಎಲ್ಲಿದೆ? ಒಳಹೊಕ್ಕ ಗಾಳಿ ತನ್ನ ಮೇಲೇ ಮರಳಿ ಬಿದ್ದು ಬಿದ್ದು ಹಾಡಾಗ್ತದೆ. ಮೂರನೆಯದಂತೂ ನನ್ನ ದಿನನಿತ್ಯದ ಕೆಲಸ. ಹೆಣೆದ ಜರಡಿ ಬಿಗಿಯಾಗಿದೆಯೋ ಇಲ್ಲವೋ ಅಂತ ಬೆರಳಲ್ಲಿ ಒಂದು ಸಲ ತಟ್ಟಿ ನೋಡ್ತೀವಿ. ಬಿಗಿಯಿದ್ದರೆ ಟುಮ್ ಅಂತದೆ, ಸಡಿಲಿದ್ದರೆ ಸುಮ್ಮನಿರ್ತದೆ."

ನಾಗಲಾದೇವಿ ಎದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಕೈ ಆ ಪೆಟ್ಟಿಗೆಯ ಮೇಲೆ ಹೋಯಿತು. ಜಡಿಮಳೆಯ ದನಿಯನ್ನು ಅದರೊಳಗೆ ಬಿಟ್ಟು ಮೊದಲ ತಿರುಪು ತಿರುಗಿಸಿದಳು. ಮಳೆ ದೂರದ ಹೊಳೆಯಾಯಿತು, ಆಮೇಲೆ ಯಾರೋ ಮಗುವನ್ನು ಮಲಗಿಸುತ್ತಾ 'ಊ... ಆ... ಊ' ಅಂದ ಹಾಗಾಯಿತು. ತಂತಿಗಳನ್ನೆಲ್ಲ ಕಿತ್ತು, ಹೊರಬಂದದ್ದನ್ನು ಮತ್ತೆ ಒಳಕ್ಕೇ ಮರಳಿಸುವ ಎರಡನೆಯ ತಿರುಪನ್ನು ಪೂರ್ತಿ ತಿರುಗಿಸಿದಳು. ಒಳಗೆ ಏನೂ ಹೋಗದಿದ್ದರೂ ಪೆಟ್ಟಿಗೆ ಒಂದೇ ಎಳೆಯಲ್ಲಿ ಹಾಡಿತು. ತಿರುಪನ್ನು ಕೂದಲೆಳೆಯಷ್ಟು ಹಿಂದೆ ತಂದಾಗ ಹಾಡು ಅಡಗಿತು. ಆಗ ತಂತಿಯ ತುದಿಯನ್ನು ಒಮ್ಮೆ ತಾಗಿಸಿದಳು. ಟುಮ್.



"ಬಂದವರೆಲ್ಲ ಆನೆಯ ದನಿಯ ಪೆಟ್ಟಿಗೆ ಯಾವುದು ಅಂತ ಕೇಳಿದರು," ಅಂದಳು ರಾಜಕುಮಾರಿ. "ಇದನ್ನು ಯಾರೂ ಕೇಳಲಿಲ್ಲ. ಅಮ್ಮನ ಕೈ ಯಾವಾಗಲೂ ಇದರ ಮೇಲೇ ಇರುತ್ತಿತ್ತು."

ಮಲ್ಲರಸ ಕಣ್ಣೊರೆಸಿಕೊಂಡು ಮಾಚನನ್ನು ಪಕ್ಕಕ್ಕೆ ಕರೆದ. "ವಾದ್ಯ ನಿನ್ನದು, ಅರ್ಧ ರಾಜ್ಯ ನಿನ್ನದು. ನನ್ನ ಮಗಳು ಒಪ್ಪಿದ್ದಾಳೆ."

"ದೊಡ್ಡ ಮಾತು ದೊರೆ. ಮೊದಲು ಸೆರೆಮನೆ ಬಾಗಿಲು ತೆಗೆಸಿ."

ಬಾಗಿಲು ತೆಗೆಸಿದರು. ಹನ್ನೊಂದು ಜನ ಹೊರಗೆ ಬಂದರು, ತಿರುಮಲನೂ ಬಂದ. ಭಾವಮೈದುನನ ಭುಜ ಹಿಡಿದು, "ಮೂರಕ್ಕೂ ಒಂದೇ ಅಂತ ನನಗೆ ಹೊಳೀಲಿಲ್ಲವಲ್ಲೋ" ಅಂದ.

"ನೀನು ವೀಣೆಯವನು ಭಾವ. ದನಿ ಇರೋ ಕಡೆಗೇ ನೋಡ್ತೀಯ."

ಮದುವೆ ಆಮೇಲೆ ಒಳ್ಳೆಯ ದಿನ ನೋಡಿ ನಡೆಯಿತು, ವಾದ್ಯವೂ ಹಾಡಿತು. ಆದರೆ ಆ ದಿನ ಮಾಚ, ತಿರುಮಲ ಇಬ್ಬರೂ ನಡೆದೇ ಊರು ಮುಟ್ಟಿದರು. ಹೊನ್ನವ್ವ ಬಾಗಿಲಲ್ಲೇ ನಿಂತಿದ್ದಳು. ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. ಒಳಗೆ ಹೋಗಿ ಇಬ್ಬರಿಗೂ ಕಾಲಿಗೆ ನೀರು ತಂದುಕೊಟ್ಟಳು.