ಶಂಖದುರ್ಗದ ಹವಳದ ಕೊಳ

"ಕೇಳ್ರಪ್ಪೋ ಕೇಳಿ! ಶಂಖದುರ್ಗದ ದೊರೆ ತಿರುಮಲರಸರ ಅಪ್ಪಣೆ! ಅರಮನೆಯ ಕೊಳದ ಹವಳಗಳು ಬಣ್ಣಗೆಟ್ಟಿವೆ. ಅದರ ಗುಟ್ಟನ್ನು ರಾಜಕುಮಾರಿ ಹೊನ್ನಲದೇವಿಯವರು ಮೂರು ಒಗಟು ಮಾಡಿ ಇಟ್ಟಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಸಂಜೆಯೊಳಗೆ ಹಾರುವುದು. ಕೊಳದಂಗಳಕ್ಕೆ ಕಾಲಿಟ್ಟವರು ಉತ್ತರ ಹೇಳದೆ ಹೊರಗೆ ಹೋಗುವಂತಿಲ್ಲ!"

ಡಂಗುರ ಸಾರಿದ್ದು ಪೇಟೆಯಲ್ಲಿ. ಸಮುದ್ರದಂಚಿನ ಆಗರದಲ್ಲಿ ಉಪ್ಪು ಬೆಳೆಯುವ ಸುಕ್ರುವಿಗೆ ಅದು ಎಲ್ಲಿಂದ ಕೇಳಬೇಕು? ಅರಮನೆಯ ಅಡುಗೆಮನೆಗೆ ಉಪ್ಪಿನ ಮೂಟೆ ಹೊತ್ತು ಬಂದವನು ದಾರಿ ತಪ್ಪಿ ಕೊಳದಂಗಳಕ್ಕೆ ನುಗ್ಗಿಬಿಟ್ಟ. ಬೆನ್ನ ಹಿಂದೆ ಬಾಗಿಲು ಧಡಾರನೆ ಮುಚ್ಚಿತು.

"ಅಣ್ಣಾ, ನಾನು ಉಪ್ಪು ತಂದವ," ಎಂದ.

"ಉಪ್ಪು ತಂದರೂ ಅಷ್ಟೆ, ಹುಳಿ ತಂದರೂ ಅಷ್ಟೆ. ಒಳಗೆ ಬಂದೆಯಲ್ಲ, ಸರದಿಯಲ್ಲಿ ನಿಲ್ಲು," ಎಂದ ಕಾವಲುಗಾರ.

ಗ್ರಹಚಾರ ಅಂದರೆ ಇದು ನೋಡಿ! ನಾಲ್ಕೂ ಕಡೆ ಮೂರಾಳೆತ್ತರದ ಗೋಡೆ, ಒಂದು ಕಿಂಡಿಯೂ ಇಲ್ಲ. ಮಧ್ಯದಲ್ಲಿ ಕಲ್ಲಿನ ಕೊಳ. ತೀರಿಹೋದ ರಾಣಿಯವರು ತವರಿನ ದ್ವೀಪದಿಂದ ಜೀವಂತ ತಂದು ಬೆಳೆಸಿದ ಹವಳಗಳು ಅದರೊಳಗೆ. ಒಂದು ಕಾಲದಲ್ಲಿ ಕೆಂಪು, ನೀಲಿ, ನೇರಳೆ ಅಂತ ಮಿರಮಿರ ಮಿಂಚುತ್ತಿದ್ದವಂತೆ. ಈಗ ಅರ್ಧಕ್ಕರ್ಧ ಸುಣ್ಣದ ಹಾಗೆ ಬಿಳಿಚಿದ್ದವು. ದಂಡೆಯ ಮೇಲೆ ಒಂದು ಚಿನ್ನದ ಕೊಡ. ದೊರೆ ಅದರ ಪಕ್ಕದಲ್ಲೇ ಕೂತಿದ್ದರು, ಕಣ್ಣು ಕೆಂಪಗೆ. ಸುಕ್ರುವೋ, ಮಧ್ಯಾಹ್ನದ ಗಂಜಿಗೆ ಬರುತ್ತೇನೆ ಅಂತ ಅವ್ವನಿಗೆ ಹೇಳಿ ಬಂದಿದ್ದ.

ಅವನ ಮುಂದೆ ಇಬ್ಬರಿದ್ದರು. ಮೊದಲು ಆಸ್ಥಾನದ ಪಂಡಿತರು ಪದ್ಮನಾಭಾಚಾರ್ಯರು.

ದೊರೆಯ ಪಕ್ಕದಲ್ಲಿ ನಿಂತಿದ್ದ ರಾಜಕುಮಾರಿ ತಲೆ ತಗ್ಗಿಸಿಯೇ ಕೇಳಿದಳು: "ಮನೆ ಬೆಳ್ಳಗೆ, ಬಣ್ಣವೆಲ್ಲ ಒಳಗಿನ ಬಿಡಾರದವರದ್ದು. ಬೇಗೆ ಹೆಚ್ಚಿದರೆ ಅವರು ಗಂಟುಮೂಟೆ ಕಟ್ಟುತ್ತಾರೆ, ಮನೆ ಬರಿದಾಗಿ ನಿಲ್ಲುತ್ತದೆ. ಏನದು?"

"ಇಷ್ಟೇನೇ!" ಆಚಾರ್ಯರು ಶಲ್ಯ ಕೊಡವಿದರು. "ಮನೆ ದೇಹ, ಬಿಡಾರದವನು ಆತ್ಮ."

"ಅಲ್ಲ," ಎಂದಳು. ಇಬ್ಬರು ಭಟರು ಆಚಾರ್ಯರ ರಟ್ಟೆ ಹಿಡಿದರು. ಕೊಡವಿದ ಶಲ್ಯ ಅಲ್ಲೇ ಬಿತ್ತು, ಪಾಪ.

ಎರಡನೆಯವನು ಹವಳದ ವ್ಯಾಪಾರಿ ಪಾಯಪ್ಪ ಸೆಟ್ಟಿ. ರಾಜಕುಮಾರಿಯ ಕೈಹಿಡಿಯುವ ಆಸೆಯಿಂದ ಬಂದವನು. "ಅದು ಹವಳವೇ," ಎಂದ ಠೀವಿಯಿಂದ. "ಅದರೊಳಗೆ ಕಣ್ಣಿಗೆ ಕಾಣದ ಪಾಚಿ ಮನೆಮಾಡಿರುತ್ತದೆ, ಬಣ್ಣ ಅದರದ್ದು. ನೀರು ಕಾದರೆ, ಕೆಟ್ಟರೆ, ಪಾಚಿ ಬಿಟ್ಟುಹೋಗುತ್ತದೆ."

"ಸರಿ. ಎರಡನೆಯದು ಕೇಳಿ. ಇಬ್ಬರು ಒಂದೇ ಮನೆಯಲ್ಲಿ ಒಬ್ಬರೊಳಗೊಬ್ಬರು ಕಲೆತು ಬಾಳಿದರು. ಬಿಸಿಲೇರಿದಾಗ ಒಬ್ಬರು ಬಾಗಿಲು ತೆರೆಯದೆಯೇ ಹೊರಟರು. ಇನ್ನೊಬ್ಬರಿಗೆ ಹೋಗಲಾಗಲಿಲ್ಲ, ಅಲ್ಲೇ ಸಿಕ್ಕಿಬಿದ್ದರು. ಯಾರವರು?"

"ಹಡಗಿನ ವ್ಯಾಪಾರಿ, ಅವನ ಹೆಂಡತಿ!"

"ಅಲ್ಲ." ಸೆಟ್ಟಿಯನ್ನೂ ಎಳೆದುಕೊಂಡು ಹೋದರು. ಅವನ ಕೂಗು ಗೋಡೆಯಾಚೆಗೂ ಕೇಳುತ್ತಿತ್ತು.

ಈಗ ಸುಕ್ರುವಿನ ಸರದಿ. ಎರಡನೆಯ ಒಗಟು ಕೇಳಿದ ಕೂಡಲೇ ಅವನಿಗೆ ಕಂಡದ್ದು ತನ್ನ ಆಗರದ ಗದ್ದೆ. ಉತ್ತರವನ್ನು ಅವನು ದಿನಾ ಬೆನ್ನ ಮೇಲೆ ಹೊರುತ್ತಿದ್ದ.

"ಮೊದಲನೆಯದನ್ನು ಸೆಟ್ಟರೇ ಬಿಡಿಸಿದರು, ಅದು ನನ್ನದಲ್ಲ," ಎಂದ. "ಎರಡನೆಯದು ನೀರು ಮತ್ತು ಉಪ್ಪು ತಾಯೀ. ಬಿಸಿಲಿಗೆ ನೀರು ಆರಿಹೋಗ್ತದೆ, ಉಪ್ಪು ಎಲ್ಲಿಗೆ ಹೋಗ್ಬೇಕು? ಅಲ್ಲೇ ಉಳೀತದೆ. ನಮ್ಮ ಹೊಟ್ಟೆಪಾಡೇ ಅದು."

ರಾಜಕುಮಾರಿ ಮೊದಲ ಸಲ ತಲೆಯೆತ್ತಿದಳು. ಅವಳ ದನಿ ಸಣ್ಣಗಾಯಿತು. "ಮೂರನೆಯದು. ದಿನಾ ಕೈಯಾರೆ ಉಣಿಸುತ್ತಾನೆ, ದಿನಾ ಕೈಯಾರೆ ಕೊಲ್ಲುತ್ತಾನೆ. ಹೋದದ್ದನ್ನು ತುಂಬಿಕೊಡುತ್ತೇನೆ ಅಂದುಕೊಂಡು, ಉಳಿದದ್ದರ ಮೇಲೆ ಅದನ್ನೇ ಹೇರುತ್ತಾನೆ. ಯಾರವನು?"

ದೊರೆ ಎದ್ದು ನಿಂತರು. "ನನ್ನ ರಾಣಿಯ ಹವಳ ಕೊಲ್ಲುವವನೇ? ಹೇಳೋ! ಯಾರೇ ಆಗಲಿ, ಅವನ ತಲೆ ಈಗಲೇ ಹಾರಿಸುತ್ತೇನೆ."

ಸುಕ್ರು ಚಿನ್ನದ ಕೊಡ ನೋಡಿದ. ಅದರ ಕಂಠದ ಸುತ್ತ ಉಪ್ಪು ಬೆಳ್ಳಗೆ ಕಟ್ಟಿತ್ತು. ಕೊಳದ ದಂಡೆಯಲ್ಲೂ ಹೆಪ್ಪುಗಟ್ಟಿದ ಉಪ್ಪು. ಕೊಡ ಯಾರದ್ದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಅಯ್ಯೋ ಶಿವನೇ! ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಹೇಗೂ ಸಾಯುವುದಾದರೆ ಸುಳ್ಳು ಹೇಳಿ ಯಾಕೆ ಸಾಯಲಿ ಅನ್ನಿಸಿತು.

"ಒಡೆಯರೇ, ಅವರು ನೀವೇ," ಎಂದ.

ದೊರೆಯ ಕತ್ತಿ ಅರ್ಧ ಹೊರಗೆ ಬಂತು.

"ಕಡಿಯುವ ಮೊದಲು ಒಂದು ಬೆರಳು ಕೊಡದಲ್ಲಿ ಅದ್ದಿ ನೆಕ್ಕಿ. ಆಮೇಲೆ ಕೊಳದಲ್ಲಿ ಅದ್ದಿ ನೆಕ್ಕಿ. ಆಮೇಲೆ ಕಡೀರಿ."

ದೊರೆ ಕೊಡದ ಕಡಲನೀರು ನೆಕ್ಕಿದರು. ಕೊಳದ ನೀರು ನೆಕ್ಕಿದರು. "ಥೂ! ಕಹಿ ವಿಷ!"

"ಆರಿದ್ದು ಬರೀ ಸಿಹಿನೀರು. ಅದರ ಜಾಗಕ್ಕೆ ನೀವು ದಿನಾ ಕಡಲನೀರು ಸುರಿದಿರಿ. ಉಪ್ಪಿನ ಮೇಲೆ ಉಪ್ಪು ಬಿತ್ತು. ಇನ್ನು ಬಾವಿಯ ನೀರು ತನ್ನಿ. ದಿನಕ್ಕೆ ಚೂರು ಚೂರೇ ಬೆರೆಸಿ ಉಪ್ಪನ್ನು ಕಡಲಿನ ಹದಕ್ಕೆ ಇಳಿಸಿ. ಆಮೇಲೆ ಆರಿದಷ್ಟೇ ಬಾವಿನೀರು ತುಂಬಿ. ನಡುಹಗಲಿಗೆ ಒಂದು ಚಪ್ಪರ ಕಟ್ಟಿಸಿ. ಜೀವ ಇರುವುದಕ್ಕೆ ಬಣ್ಣ ಬರ್ತದೆ."

ದೊರೆ ಕೊಳದ ಮೆಟ್ಟಿಲ ಮೇಲೆ ಕುಸಿದರು. "ಅವಳ ಹವಳವನ್ನು ನಾನೇ..." ಅಂದವರು ಕೊಡವನ್ನು ದೂರ ತಳ್ಳಿದರು. ಕತ್ತಿ ಒಳಗೆ ಹೋಯಿತು. "ಕೇಳು. ಏನು ಬೇಕು?"

"ಆಚಾರ್ಯರ ತಲೆ, ಸೆಟ್ಟರ ತಲೆ ಅವರವರ ಹೆಗಲ ಮೇಲೇ ಇರಲಿ. ನನಗೆ ಈ ಬಾಗಿಲು ತೆಗೆಸಿ."

"ಅದಾಯಿತು. ನೀನು ದುಡಿಯುವ ಆಗರವೂ ಇವತ್ತಿನಿಂದ ನಿನ್ನದೇ," ಎಂದರು ದೊರೆ.

ಬಾಗಿಲು ತೆರೆಯಿತು. ಹೊಸ್ತಿಲ ಹತ್ತಿರ ರಾಜಕುಮಾರಿ ಓಡಿಬಂದಳು, ಕಣ್ಣಲ್ಲಿ ನೀರು. "ನಿಮ್ಮ ಉಪಕಾರ ಮರೆಯುವುದಿಲ್ಲ."

"ಉತ್ತರ ನಿಮಗೆ ಮೊದಲೇ ಗೊತ್ತಿತ್ತಲ್ಲ ತಾಯೀ?"

"ಗೊತ್ತಿತ್ತು. ಅಪ್ಪನ ಎದುರು ಹೇಳುವ ಧೈರ್ಯ ಇರಲಿಲ್ಲ. ಬೇರೆ ಯಾರಾದರೂ ಹೇಳಲಿ ಅಂತ ಒಗಟು ಕಟ್ಟಿದೆ. ಈ ಗೋಡೆಗಳ ಒಳಗೆ ಇರುವವಳು, ನನಗೆ ಬೇರೆ ದಾರಿ ಇರಲಿಲ್ಲ."

ಸುಕ್ರುವಿಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ನೀವು ಹೇಳಿದ್ದರೆ ಅಪ್ಪ ಬೈತಿದ್ದರು," ಎಂದ. "ನಾನು ಹೇಳಿದ್ದಕ್ಕೆ ತಲೆ ಹೋಗ್ತಿತ್ತು."

ಅವನು ಹೊಸ್ತಿಲು ದಾಟಿ ಹೋದ. ಅವಳು ಬಾಗಿಲಲ್ಲೇ ನಿಂತಳು.