ಕಿವಿಯೊಳಗಿನ ಹಾಡು

"ಅಜ್ಜಾರ, ಸಾಧನೆ ಹಣ್ಣಾಗೇತಿ ಅನ್ನೋದು ನಮಗ ಹೆಂಗ ಗೊತ್ತಾಗಬೇಕ್ರಿ?" ಎಂದು ಅಂದಾನಪ್ಪ ಮಠದ ಸ್ವಾಮಿಗಳಾದ ಅಜ್ಜನನ್ನು ಕೇಳಿದ.

ಅಂದಾನಪ್ಪ ಬಟ್ಟೆ ಅಂಗಡಿಯವನು, ಮಠಕ್ಕೆ ತಪ್ಪದೆ ಬರುವ ಭಕ್ತ. ಕಳೆದ ಮಳೆಗಾಲದಿಂದ ದಿನವೂ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದ. "ಕಣ್ಣು ಮುಚ್ಚಿದ್ರ ಸಾಕ್ರಿ, ಒಳಗ ಶಾಂತಿ ಅಂದ್ರ ಶಾಂತಿ. ಜಗತ್ತ ಇಲ್ಲ ಅನ್ನಿಸಿಬಿಡ್ತದ. ಅದಕ್ಕ ಕೇಳಿದ್ನಿ" ಎಂದು ಸೇರಿಸಿ ತಲೆ ತಗ್ಗಿಸಿದ. ನೀನು ಹಣ್ಣಾಗಿದ್ದೀಯಪ್ಪ ಎಂದು ಅಜ್ಜ ಎಲ್ಲರೆದುರು ಒಂದು ಮಾತು ಅಂದುಬಿಟ್ಟರೆ ಸಾಕು ಎಂಬ ಆಸೆ ತಗ್ಗಿಸಿದ ಮುಖದಲ್ಲೂ ಕಾಣುತ್ತಿತ್ತು. ಪಡಸಾಲೆಯಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ಅಜ್ಜನ ಕಡೆ ನೋಡಿದರು.

ಅಜ್ಜ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಯಕನಿದ್ದ. ಗಾಯಕ ಎನ್ನುವುದು ನಾವು ಕೊಡುವ ಮರ್ಯಾದೆ. ಮದುವೆಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ಅವನು ಕೋರಸ್ಸಿನವ. ಮುಂದೆ ನಿಂತವನು ಹಾಡಿನ ಸಾಲು ಹೇಳಿದರೆ ಇವನು ಹಿಂದೆ ನಿಂತು "ಓ ಓ" ಎನ್ನಬೇಕು. ಕಂಠ ಕೆಟ್ಟದ್ದಲ್ಲ. ಆದರೆ ಓ ಓ ಎನ್ನುತ್ತಲೇ ಮೀಸೆ ಬೆಳ್ಳಗಾಗಿತ್ತು. ಒಂದು ಸಲ ಮುಂದೆ ಹಾಡುವವನಿಗೆ ಗಂಟಲು ಕಟ್ಟಿತು. ಯಜಮಾನ ಇವನನ್ನು ಕರೆದ.

"ಈ ಸಲ ರಿಸೆಪ್ಶನ್ನಿಗೆ ನೀನ ಹಾಡು. ಮಂದಿಗೆ ಹಿಡಿಸಿತಂದ್ರ ಇನ್ನ ಮುಂದೂ ನೀನ. ಹಿಡಿಸಲಿಲ್ಲಂದ್ರ ನಿನ್ನ ಓ ಓ ಎಲ್ಲಿಗೂ ಹೋಗಿಲ್ಲ."

ಗಾಯಕನಿಗೆ ಹಿಗ್ಗಿನಲ್ಲಿ ಅನ್ನ ಇಳಿಯಲಿಲ್ಲ. ಅವನು ಮೊದಲು ಯೋಚಿಸಿದ್ದು ಹಾಡಿನ ಬಗ್ಗೆಯಲ್ಲ, ಕಿವಿಯ ಬಗ್ಗೆ. ದೊಡ್ಡ ಗಾಯಕರು ವೇದಿಕೆಯ ಮೇಲೆ ಕಿವಿಯೊಳಗೆ ಒಂದು ಪುಟ್ಟ ಮಾನಿಟರ್ ಇಟ್ಟುಕೊಂಡು ಹಾಡುವುದನ್ನು ಅವನು ನೋಡಿದ್ದ. ನೋಡುವುದಕ್ಕೆ ಇಯರ್‌ಫೋನಿನ ಹಾಗೇ ಇರುತ್ತದೆ. ವಾದ್ಯಗಳ ದನಿ, ತನ್ನ ದನಿ ಎರಡೂ ಅದರೊಳಗೆ ಬರುತ್ತವೆ, ಸಭೆಯ ಗದ್ದಲ ಒಳಗೆ ಬರುವುದಿಲ್ಲ. ಅದೊಂದು ಕಿವಿಯಲ್ಲಿದ್ದರೆ ತಾನೂ ದೊಡ್ಡ ಗಾಯಕನೇ ಎಂದು ಅವನಿಗೆ ಖಾತ್ರಿಯಾಗಿತ್ತು. ದುಬಾರಿಯದು ಅವನ ಕೈಗೆ ಎಟುಕುವಂಥದ್ದಲ್ಲ. ಈಗ ಅಗ್ಗದವೂ ಚೆನ್ನಾಗಿ ಬರುತ್ತಿವೆ ಎಂದು ಯಾರೋ ಅಂದರು. ಪೇಟೆಗೆ ಹೋದ.

ಅಂಗಡಿಯವನು ಸಮಾಧಾನದ ಮನುಷ್ಯ. ಗಿರಾಕಿಗಳು ಹಾಕಿ ನೋಡಲಿ ಎಂದು ಮೇಜಿನ ಮೇಲೆ ಒಂದು ಮೈಕು, ಒಂದು ಸಣ್ಣ ಪೆಟ್ಟಿಗೆ ಇಟ್ಟಿದ್ದ. ಮಾನಿಟರಿನ ವೈರು ಆ ಪೆಟ್ಟಿಗೆಗೆ ಚುಚ್ಚಿದರೆ ಮೈಕಿನಲ್ಲಿ ಹಾಡಿದ್ದು ಕಿವಿಗೆ ಬರುತ್ತದೆ.

"ನನಗ ಎರಡ ಮಾತು. ದನಿ ಚಲೋ ಇರಬೇಕು, ಕಿವಿಗೆ ಹಿತ ಇರಬೇಕು" ಎಂದ ಗಾಯಕ.

ಮೊದಲನೆಯದನ್ನು ಹಾಕಿಕೊಂಡ. ದನಿ ಪರವಾಗಿಲ್ಲ, ಆದರೆ ಬಿಗಿ. ಮೇಷ್ಟ್ರು ಕಿವಿ ಹಿಂಡಿದ ಹಾಗಾಯಿತು. ಅದರ ವೈರು ಕಿವಿಯ ಮೇಲಿಂದ ಸುತ್ತಿ ಬರುವಂಥದ್ದು. ಅವನ ಕನ್ನಡಕದ ಕಡ್ಡಿಗೂ ಅದಕ್ಕೂ ಜಗಳ ಹತ್ತಿ ಕನ್ನಡಕ ಹಣೆ ಹತ್ತಿತು. ತೆಗೆದಿಟ್ಟ.

ಎರಡನೆಯದು ಹಗುರ. ಹಾಕಿಕೊಂಡದ್ದೇ ತಿಳಿಯಲಿಲ್ಲ. ಆದರೆ ಸಡಿಲವಾದದ್ದಕ್ಕೆ ಗುನುಗಿದ ದನಿಯ ಗಾತ್ರ ಪೂರಾ ಸೋರಿಹೋಗಿ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಕೇಳಿಸಿತು. ಹಾಡುವಾಗ ನಿಲ್ಲುತ್ತದೋ ಇಲ್ಲವೋ ನೋಡೋಣ ಎಂದು ಬಾಯಿ ಅಗಲವಾಗಿ ತೆರೆದು "ಆ" ಎಂದ. ದವಡೆ ಆಡಿದ್ದೇ ತಡ, ಮಾನಿಟರ್ ಜಾರಿ ಅಂಗಡಿಯವನ ಚಹಾದ ಕಪ್ಪಿನಲ್ಲಿ ಬಿತ್ತು. ಬಾಯಿ ತೆರೆದು ನಿಂತವನನ್ನು ರಸ್ತೆಯಿಂದ ಕಂಡ ಒಬ್ಬಾತ, "ಹಲ್ಲಿನ ಡಾಕ್ಟ್ರು ಇಲ್ಲೇ ಕೂಡ್ತಾರೇನ್ರಿ?" ಎಂದು ಕೇಳಿಕೊಂಡು ಒಳಗೆ ಬಂದ. ಅವನನ್ನು ಸಾಗಹಾಕಬೇಕಾದರೆ ಸಾಕಾಯಿತು.

ಮೂರನೆಯದು ಕಿವಿಯಲ್ಲಿ ಹಿತವಾಗಿ ಕೂತಿತು. ಬಾಯಿ ತೆರೆದರೂ ಜಾರಲಿಲ್ಲ, ತಲೆ ತೂಗಿದರೂ ಅಲ್ಲಾಡಲಿಲ್ಲ. ಗಾಯಕ ಹಾಡಿದ. ದನಿ ಇದ್ದದ್ದು ಇದ್ದ ಹಾಗೆ ಕೇಳಿಸಿತು. ಮೇಲಿನ ಸ್ವರಕ್ಕೆ ಹೋದಾಗ ಕಂಠ ತುಸು ಸೀಳಿತು, ಅದೂ ಕೇಳಿಸಿತು. ಅವನು ಮುಖ ಗಂಟುಹಾಕಿ ಕಿತ್ತು ತೆಗೆದ.

"ಇದರಾಗ ದೋಷ ಐತ್ರಿ. ಮ್ಯಾಲೆ ಹೋದ್ರ ಒಡಕು ಬರ್ತದ."

"ಅದು ಮಾನಿಟರಿಂದಲ್ರಿ..." ಎಂದು ಶುರುಮಾಡಿದ ಅಂಗಡಿಯವನು ಗಿರಾಕಿಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ವ್ಯಾಪಾರ ಮಾಡುವವನು ಎಲ್ಲ ಸತ್ಯವನ್ನೂ ಹೇಳಿ ಪೂರೈಸುವುದುಂಟೆ?

ನಾಲ್ಕನೆಯದನ್ನು ಗಾಯಕ ತಾನೇ ಡಬ್ಬಿಯಿಂದ ತೆಗೆದು ಕಿವಿಗೆ ಇಟ್ಟುಕೊಂಡ. ಅದರ ರಬ್ಬರು ಅವನ ಕಿವಿಗೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಬೀದಿಯ ಸದ್ದು ಹೋಯಿತು, ತಲೆಯ ಮೇಲಿನ ಫ್ಯಾನಿನ ಸದ್ದೂ ಹೋಯಿತು. ಹಾಡಿದ. ಅಬ್ಬಾ, ಅದೇನು ದನಿ! ಗೋಳಗುಮ್ಮಟದೊಳಗೆ ನಿಂತು ಹಾಡಿದ ಹಾಗೆ ಗಂಭೀರವಾಗಿ, ತುಂಬಿಕೊಂಡು ಬಂತು. ಸೀಳಿಲ್ಲ, ಒಡಕಿಲ್ಲ. ತನ್ನೊಳಗೆ ಇಂಥ ಗಾಯಕನಿದ್ದೂ ಇಷ್ಟು ಕಾಲ ಓ ಓ ಎಂದೆನಲ್ಲ ಎಂದು ಅವನಿಗೆ ಅಳು ಬಂತು. ಅಂಗಡಿಯವನು ಏನೋ ಹೇಳುತ್ತಿದ್ದ. ತಡೆ ಎಂದು ಕೈಮಾಡಿ ಪಲ್ಲವಿ ಮುಗಿಸಿ, ಚರಣವನ್ನೂ ಹಾಡಿ, ಆಮೇಲೆ ಮಾನಿಟರ್ ತೆಗೆದ.

"ಇದು ನೋಡ್ರಿ ದನಿ ಅಂದ್ರ!"

ಅಂಗಡಿಯವನು ವೈರಿನ ತುದಿಯನ್ನು ಎತ್ತಿ ತೋರಿಸಿದ. "ಇದನ್ನ ಇನ್ನೂ ಚುಚ್ಚೇ ಇಲ್ರಿ. ಕಿವಿ ಗಟ್ಟಿ ಮುಚ್ಚಿದ್ರ ಯಾರ ದನಿ ಆದ್ರೂ ಅವರವರಿಗೆ ಹಂಗ ಕೇಳ್ತದ. ಎರಡು ಬೆರಳು ಇಟ್ಟುಕೊಂಡು ಹಾಡ್ರಿ, ಅಷ್ಟ ಚಂದ ಬರ್ತದ."

ಗಾಯಕ ವೈರಿನ ತುದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಷ್ಟರಲ್ಲಿ ಅವನ ಬುದ್ಧಿ ಅವನ ಸಹಾಯಕ್ಕೆ ಬಂತು.

"ವೈರು ಚುಚ್ಚದ ಇಷ್ಟು ಚಂದ ಅಂದ್ರ, ಚುಚ್ಚಿದ ಮ್ಯಾಲೆ ಹೆಂಗಿದ್ದೀತು! ಇದನ್ನ ಕಟ್ರಿ."

ರಿಸೆಪ್ಶನ್ನಿನ ಸಂಜೆ ಕಲ್ಯಾಣಮಂಟಪ ತುಂಬಿತ್ತು. ಯಜಮಾನ ಮುಂದಿನ ಸಾಲಿನಲ್ಲಿ ಬೀಗರ ಪಕ್ಕದಲ್ಲಿ ಕೂತ. ಗಾಯಕ ಮಾನಿಟರನ್ನು ಕಿವಿಗೆ ಒತ್ತಿಕೊಂಡು, ವೈರು ಚುಚ್ಚಿದೆಯೋ ಎಂದು ಎರಡೆರಡು ಸಲ ನೋಡಿಕೊಂಡು, ಮೈಕು ಹಿಡಿದು ನಿಂತ. ವಾದ್ಯಗಳು ಶುರುವಾದವು, ಕಿವಿಯೊಳಗೆ ಚೆನ್ನಾಗಿ ಕೇಳಿಸಿದವು. ಅವನು ದನಿ ಎತ್ತಿದ. ಅಂಗಡಿಯಲ್ಲಿ ಕೇಳಿಸಿದ ಅದೇ ದನಿ ತಲೆಯ ತುಂಬ ಮೊಳಗಿತು. ಮೈ ಝುಮ್ಮೆಂದಿತು.

ಮೈಕಿನ ಕತ್ತಿನಲ್ಲಿ ಒಂದು ಸ್ವಿಚ್ಚು ಇರುತ್ತದೆ. ಅದನ್ನು ಅವನು ಮೇಲೆ ಮಾಡಿರಲಿಲ್ಲ.

ಸಭೆಗೆ ಕೇಳಿಸಿದ್ದು ತಬಲಾ ಮತ್ತು ಕೀಬೋರ್ಡು ಮಾತ್ರ. ನಡುವೆ ಒಬ್ಬ ಮನುಷ್ಯ ಬಾಯಿ ತೆರೆದು ಮುಚ್ಚುತ್ತಿದ್ದ. ಮುಂದೆ ಕೂತಿದ್ದ ಒಬ್ಬ ಮುದುಕ ಏನೂ ಕೇಳಿಸದೆ ಕಿವಿಯ ಹಿಂದೆ ಕೈಯಿಟ್ಟ. ಗಾಯಕನಿಗೆ ಆನಂದವಾಯಿತು, ಹಾಡು ಬಲ್ಲವರು ಹಾಗೆ ಕೈಯಿಟ್ಟು ಕೇಳುವುದನ್ನು ಅವನು ನೋಡಿದ್ದ. ಆ ಮುದುಕನ ಕಡೆಗೇ ತಿರುಗಿ ಒಂದು ಆಲಾಪ ಕೊಟ್ಟ. ತಬಲಾದವನು ಬೆರಳು ಮೇಲಕ್ಕೆ ಎತ್ತಿ ಎತ್ತಿ ಸ್ವಿಚ್ಚು ತೋರಿಸಿದ. ಮೇಲಿನ ಸ್ವರಕ್ಕೆ ಹೋಗು ಎನ್ನುತ್ತಿದ್ದಾನೆ ಎಂದುಕೊಂಡು ಗಾಯಕ ಮೇಲಿನ ಸ್ವರಕ್ಕೆ ಹೋದ. ಕೀಬೋರ್ಡಿನವನು ಹೆಬ್ಬೆರಳಿನಿಂದ ಗಾಳಿಯಲ್ಲಿ ಸ್ವಿಚ್ಚು ಒತ್ತಿ ತೋರಿಸಿದ. ಇವನೂ ಹೆಬ್ಬೆರಳೆತ್ತಿ ತೋರಿಸಿ ನಕ್ಕ. ಯಜಮಾನ ಎದ್ದು ನಿಂತು ಎರಡೂ ಕೈ ಬೀಸಿದ. ಯಜಮಾನನೇ ಎದ್ದು ನಿಂತ ಮೇಲೆ ಇನ್ನೇನು ಬೇಕು? ಗಾಯಕ ಕಣ್ಣು ಮುಚ್ಚಿಕೊಂಡುಬಿಟ್ಟ.

ಒಂದು ಮಾತು ಹೇಳಬೇಕು. ಆವತ್ತು ಅವನು ಜನ್ಮದಲ್ಲೇ ಹಾಡದಷ್ಟು ಚೆನ್ನಾಗಿ ಹಾಡಿರಬಹುದು. ಹೌದೋ ಅಲ್ಲವೋ ಹೇಳುವುದಕ್ಕೆ ಕೇಳಿದವರು ಯಾರೂ ಇಲ್ಲ.

ಕೊನೆಗೆ ಯಜಮಾನನೇ ವೇದಿಕೆ ಹತ್ತಿ ಬಂದು, ಅವನ ಕೈಯೊಳಗಿನ ಮೈಕಿನ ಸ್ವಿಚ್ಚನ್ನು ಮೇಲೆ ಮಾಡಿದ. ಅಷ್ಟಕ್ಕೆ ಸರಿಯಾಗಿ ಹಾಡು ಮುಗಿಯಿತು. ಗಾಯಕ ಕಣ್ಣು ತೆರೆದು, ಕೈಮುಗಿದು, "ಧನ್ಯವಾದಗಳು" ಎಂದ. ಮಂಟಪದ ಗೋಡೆ ನಡುಗುವ ಹಾಗೆ ಆ ಒಂದು ಮಾತು ಹೊರಟಿತು. ಸಭೆ ಬಿದ್ದು ಬಿದ್ದು ನಗುತ್ತ ಚಪ್ಪಾಳೆ ತಟ್ಟಿತು.

ಗಾಯಕ ಕಿವಿಯಿಂದ ಮಾನಿಟರ್ ತೆಗೆದು, ಬೆವರು ಒರೆಸಿಕೊಳ್ಳುತ್ತ ಯಜಮಾನನನ್ನು ಕೇಳಿದ, "ಹೆಂಗಿತ್ರಿ?"

"ಧನ್ಯವಾದ ಅಂದೆಲ್ಲ, ಅದು ಭಾರಿ ಚಲೋ ಇತ್ತು" ಎಂದ ಯಜಮಾನ.

ಏನು ನಡೆಯಿತೆಂದು ತಬಲಾದವನು ಬಿಡಿಸಿ ಹೇಳಿದಾಗ ಗಾಯಕ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನಿಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು. ಅಷ್ಟು ಸುಖ ಅವನ ಕಿವಿಯೊಳಗೇ ಹುಟ್ಟಿ ಅಲ್ಲೇ ಸತ್ತಿತ್ತು. ಮುಂದಿನ ಮದುವೆಯಲ್ಲಿ ಅವನು ಮತ್ತೆ ಹಿಂದಿನ ಸಾಲಿನಲ್ಲಿ ನಿಂತು ಓ ಓ ಎಂದ.

ಅಜ್ಜ ಕತೆ ನಿಲ್ಲಿಸಿದರು. ಪಡಸಾಲೆಯೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಂದಾನಪ್ಪ. ಶಲ್ಯದಿಂದ ಕಣ್ಣೊರೆಸಿಕೊಂಡು, "ಎಂಥಾ ಹುಚ್ಚಪ್ಪರೀ ಅವ! ತನಗಷ್ಟ ಕೇಳಿದ್ರ ಅದು ಹಾಡಾಗ್ತದೇನ್ರಿ?" ಎಂದ.

ಅಜ್ಜ ಅವನ ನಗು ಪೂರ್ತಿ ಇಳಿಯುವ ತನಕ ಕಾದರು.

"ಅಂದಾನಪ್ಪ, ನಿನ್ನ ಶಾಂತಿ ನಿನ್ನ ಮನಿ ಮಂದಿಗೆ ಕೇಳಸ್ತದೇನು?"

ಅಂದಾನಪ್ಪ ಬಾಯಿ ತೆರೆದ. ಕಣ್ಣೊರೆಸಿಕೊಂಡ ಶಲ್ಯವನ್ನೇ ಬಾಯಿಗೆ ಅಡ್ಡ ಹಿಡಿದು ಮತ್ತೆ ತಲೆ ತಗ್ಗಿಸಿದ.